ಕಣ್ಣಿಗೆ ಡಬ್ಬಿ, ಜಗಲಿಯಲ್ಲಿ ತಬಕು

ಸಿಗರೇಟು ಬಿಡಿಸುವುದಕ್ಕೂ ಈಗ ವರ್ಚುವಲ್ ರಿಯಾಲಿಟಿ ಬಂದಿದೆ. ಕಣ್ಣಿಗೆ ಡಬ್ಬಿಯಂಥದ್ದೊಂದನ್ನು ಕಟ್ಟಿಕೊಂಡು ಕೂತರೆ ಎದುರಿಗೆ ಇಲ್ಲದ ಕೋಣೆ, ಇಲ್ಲದ ಮೇಜು, ಮೇಜಿನ ಮೇಲೆ ಇಲ್ಲದ ಸಿಗರೇಟು ಕಾಣುತ್ತವೆ. ಸೇದಬೇಕು ಅನ್ನಿಸುತ್ತದೆ, ಸೇದುವುದಿಲ್ಲ. ಹೀಗೆ ಹತ್ತಾರು ಸಲ ಮಾಡಿದರೆ ಆಸೆ ಸವೆಯುತ್ತದೆ ಎಂಬುದು ಲೆಕ್ಕ. ಕಳೆದ ಮಳೆಗಾಲದಲ್ಲಿ ಊರಿಗೆ ಬಂದಿದ್ದ ಅಕ್ಕನ ಮಗ ಇದನ್ನು ಬಹಳ ಉತ್ಸಾಹದಿಂದ ವಿವರಿಸಿದ. ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸ, ಒಳ್ಳೆಯ ಹುಡುಗ, ಊರಿಗೆ ಏನಾದರೂ ಮಾಡಬೇಕು ಎಂಬ ಹಂಬಲ ಇರುವವನು. "ಮಾವ, ಸಾಗರಕ್ಕೊಂದು, ಹೊಸನಗರಕ್ಕೊಂದು, ತೀರ್ಥಹಳ್ಳಿಗೊಂದು ಸೆಟ್ ಕೊಡಿಸಿದ್ರೆ ಸಾಕು. ತಾಲ್ಲೂಕು ಆಸ್ಪತ್ರೆಯಲ್ಲಿ ಇಟ್ಟುಬಿಡೋದು. ಎಷ್ಟು ಜನ ಬಚಾವಾಗ್ತಾರೆ ಗೊತ್ತಾ?" ಅಂದ. ಅವನು ಹೇಳುತ್ತಿದ್ದಾಗ ನಮ್ಮಿಬ್ಬರ ನಡುವೆ ಜಗಲಿಯ ಮೇಲೆ ತಬಕು ಇತ್ತು. ಅದರಲ್ಲಿ ಎಲೆ, ಅಡಿಕೆ, ಸುಣ್ಣದ ಡಬ್ಬಿ, ಅದರ ಪಕ್ಕದಲ್ಲಿ ಹೊಗೆಸೊಪ್ಪು. ತಬಕಿನ ಅಂಚಿಗೆ ಕೆಲಸದವರಿಗೆಂದು ತಂದಿಟ್ಟ ಬೀಡಿಕಟ್ಟು.

ನನ್ನ ತಕರಾರು ಆ ಡಬ್ಬಿಯ ಮೇಲಲ್ಲ. ಈ ತಬಕನ್ನು ಕಾಣದ ಕಣ್ಣಿಗೆ ಆ ಡಬ್ಬಿ ಕಟ್ಟಲು ಹೊರಟಿರುವುದರ ಮೇಲೆ.

ಮೊದಲು ನ್ಯಾಯವಾಗಿ ಹೇಳಬೇಕಾದದ್ದನ್ನು ಹೇಳಿಬಿಡುತ್ತೇನೆ. ಇದು ಪವಾಡದ ಜಾಹೀರಾತಲ್ಲ, ಹಿಂದೆ ಗಂಭೀರವಾದ ವಿಜ್ಞಾನವಿದೆ. ಪಾವ್ಲೋವನ ನಾಯಿಯ ಕತೆ ಪ್ರೌಢಶಾಲೆಯಲ್ಲೇ ಓದಿದ್ದೇವೆ. ಊಟದ ಜೊತೆ ಸದ್ದು ಕೇಳಿ ಕೇಳಿ, ಕೊನೆಗೆ ಬರೀ ಸದ್ದಿಗೇ ನಾಯಿಯ ಬಾಯಲ್ಲಿ ನೀರೂರುತ್ತದೆ. ಸೇದುವವನಿಗೂ ಹಾಗೆಯೇ. ಕಾಫಿ ಲೋಟ, ಊಟ ಮುಗಿಸಿ ಏಳುವ ಗಳಿಗೆ, ಬಸ್ ಸ್ಟ್ಯಾಂಡು, ಒಬ್ಬ ನಿರ್ದಿಷ್ಟ ಗೆಳೆಯನ ಮುಖ, ಇವೆಲ್ಲ ಸದ್ದುಗಳೇ. ನಿಕೋಟಿನ್ ಮೈಯಿಂದ ಹೋಗಿ ತಿಂಗಳಾದ ಮೇಲೂ ಈ ಸದ್ದುಗಳು ಉಳಿದಿರುತ್ತವೆ. ಸದ್ದು ಕೇಳಿಸಿ ಊಟ ಕೊಡದೇ ಇದ್ದರೆ, ಮತ್ತೆ ಮತ್ತೆ ಕೊಡದೇ ಇದ್ದರೆ, ನೀರೂರುವುದು ನಿಲ್ಲುತ್ತದೆ. ಚಿಕಿತ್ಸೆಯ ತಿರುಳು ಇಷ್ಟೇ. ಹಿಂದೆ ಇದಕ್ಕೆ ಸಿಗರೇಟಿನ ಫೋಟೋ, ಖಾಲಿ ಪ್ಯಾಕು ಬಳಸುತ್ತಿದ್ದರು. ಅಮೆರಿಕದ ಪ್ಯಾಟ್ರಿಕ್ ಬೋರ್ಡ್‌ನಿಕ್ ಮತ್ತು ಸಂಗಡಿಗರು ಇಡೀ ಪಾರ್ಟಿಯನ್ನೇ ಹೆಡ್‌ಸೆಟ್ಟಿನೊಳಗೆ ಕಟ್ಟಿದರು. ಜನ ಮಾತಾಡುತ್ತ, ಕುಡಿಯುತ್ತ, ಸೇದುತ್ತ ನಿಂತಿರುವ ಕೋಣೆ ಅದು. ಅದರೊಳಗೆ ಹೊಕ್ಕವರಿಗೆ ನಿಜಕ್ಕೂ ಸೇದುವ ಆಸೆ ಏರಿತು. ಕೋಣೆ ಸುಳ್ಳಾದರೂ ಆಸೆ ನಿಜ.

ಕೆನಡಾದ ಕ್ವಿಬೆಕ್‌ನಲ್ಲಿ ನಡೆದು 2009ರಲ್ಲಿ ಪ್ರಕಟವಾದ ಪ್ರಯೋಗ ಇನ್ನೂ ಸೊಗಸಾದದ್ದು. 91 ಜನ ಧೂಮಪಾನಿಗಳನ್ನು ಎರಡು ಗುಂಪು ಮಾಡಿದರು. ಒಂದು ಗುಂಪಿನವರು ಹೆಡ್‌ಸೆಟ್ಟಿನೊಳಗಿನ ಲೋಕದಲ್ಲಿ ಸಿಕ್ಕ ಸಿಕ್ಕ ಸಿಗರೇಟನ್ನು ಕೈಯಲ್ಲಿ ಹಿಸುಕಿ ಹಾಕಬೇಕು. ಇನ್ನೊಂದು ಗುಂಪಿನವರು ಅಲ್ಲಿ ಚೆಂಡುಗಳನ್ನು ಹಿಡಿಯಬೇಕು, ಅಷ್ಟೆ. ಇಬ್ಬರಿಗೂ ಮಾಮೂಲಿ ಸಮಾಲೋಚನೆಯ ನೆರವು ಇತ್ತು. 12ನೇ ವಾರಕ್ಕೆ ಚೆಂಡು ಹಿಡಿದವರಲ್ಲಿ ಸೇದುವುದನ್ನು ಬಿಟ್ಟವರು ನೂರಕ್ಕೆ 2, ಸಿಗರೇಟು ಹಿಸುಕಿದವರಲ್ಲಿ 15. ವ್ಯತ್ಯಾಸ ದೊಡ್ಡದು, ಅಲ್ಲಗಳೆಯುವಂತಿಲ್ಲ. ಆದರೆ ಅದೇ ಅಂಕಿಯನ್ನು ತಿರುಗಿಸಿ ಓದಿದರೆ, ಹಿಸುಕಿದವರಲ್ಲೂ ನೂರಕ್ಕೆ 85 ಜನ ಮೂರು ತಿಂಗಳ ಹೊತ್ತಿಗೆ ಸೇದುತ್ತಲೇ ಇದ್ದರು. ಸುದ್ದಿ ಮಾಡುವವರು ಈ 85ನ್ನು ಹೇಳುವುದಿಲ್ಲ. ಮುಂದೆ ಸ್ಪೇನಿನವರು 2019ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಮಾತಿನ ಚಿಕಿತ್ಸೆಗೆ ಈ ಹೆಡ್‌ಸೆಟ್ ಸೇರಿಸಿದ್ದರಿಂದ ಹೆಚ್ಚಿನ ಲಾಭವೇನೂ ಕಾಣಲಿಲ್ಲ.

ಏಕೆ ಹೀಗೆ? ಉತ್ತರ ಹಳೆಯದೇ, ಇಲಿಗಳಿಂದ ಬಂದದ್ದು. ಮಾರ್ಕ್ ಬೌಟನ್ ಎಂಬ ಮನಶ್ಶಾಸ್ತ್ರಜ್ಞ 1970ರ ದಶಕದ ಕೊನೆಯಿಂದ ಮಾಡುತ್ತ ಬಂದ ಪ್ರಯೋಗಗಳಲ್ಲಿ, ಒಂದು ಗೂಡಿನಲ್ಲಿ ಕಲಿತ ಭಯವನ್ನು ಇನ್ನೊಂದು ಗೂಡಿನಲ್ಲಿ ಮರೆಸಿದರು. ಇಲಿ ಮರೆತಂತೆಯೇ ಕಂಡಿತು. ಅದನ್ನು ಮೊದಲ ಗೂಡಿಗೆ ಮರಳಿ ಬಿಟ್ಟರೆ ಭಯವೂ ಮರಳಿತು. ಅಂದರೆ ಮರೆವು ಆ ಎರಡನೇ ಗೂಡಿನದ್ದು, ಇಲಿಯದ್ದಲ್ಲ. ವ್ಯಸನದ ಚಿಕಿತ್ಸೆಗೆ ಈ ಪಾಠವನ್ನು ಅನ್ವಯಿಸಿ 2002ರಲ್ಲಿ ಕಾಂಕ್ಲಿನ್ ಮತ್ತು ಟಿಫನಿ ಎಂಬ ಸಂಶೋಧಕರು ಆವರೆಗಿನ ಪ್ರಯೋಗಗಳನ್ನೆಲ್ಲ ಪರಿಶೀಲಿಸಿದಾಗ, ಇಂಥ ಚಿಕಿತ್ಸೆ ಕೆಲಸ ಮಾಡುತ್ತದೆಂಬ ಗಟ್ಟಿ ಪುರಾವೆ ಸಿಗಲಿಲ್ಲ. ಆಸ್ಪತ್ರೆಯ ಕೋಣೆಯಲ್ಲಿ ಬಿಟ್ಟ ಚಟ ಆಸ್ಪತ್ರೆಯ ಕೋಣೆಯಲ್ಲಷ್ಟೇ ಬಿಟ್ಟಿರುತ್ತದೆ. ಇದನ್ನು ಗಂಡನ ಕುಡಿತ ಬಿಡಿಸಲು ಹೆಣಗಿದ ಯಾವ ಹೆಂಗಸನ್ನು ಕೇಳಿದರೂ ಹೇಳುತ್ತಿದ್ದಳು, ಇಲಿ ಬೇಕಿರಲಿಲ್ಲ.

ಹಾಗಾದರೆ ನಮ್ಮ ಮೊದಲ ಗೂಡು ಯಾವುದು? ಇಲ್ಲಿಗೆ ಬಂದರೆ ಮಾತು ಬದಲಾಗುತ್ತದೆ.

ಹೆಡ್‌ಸೆಟ್ಟಿನೊಳಗಿನ ಪಾರ್ಟಿಯನ್ನು ಒಮ್ಮೆ ಹುಲಿಕಲ್ಲಿನ ಜುಲೈ ಪಕ್ಕದಲ್ಲಿಟ್ಟು ನೋಡಿ. ಬೆಳಗ್ಗೆ ಏಳಕ್ಕೆ ಕಂಬಳಿಕೊಪ್ಪೆ ಹಾಕಿಕೊಂಡು ತೋಟಕ್ಕೆ ಇಳಿದವನಿಗೆ ಹತ್ತು ಗಂಟೆಗೆ ಮೈ ಸೆಡೆತಿರುತ್ತದೆ. ಕೊಳೆರೋಗಕ್ಕೆ ಔಷಧಿ ಹೊಡೆಯುವ ದಿನಗಳಲ್ಲಿ ಮೈಲುತುತ್ತ, ಸುಣ್ಣದ ನೀರು ಕೈಕಾಲಿಗೆಲ್ಲ ಹಿಡಿದಿರುತ್ತದೆ. ಮಳೆ ಒಂದು ಗಳಿಗೆ ಹೊಳವಾದಾಗ ಮರದಿಂದ ಇಳಿದು, ಅಂಗಿಯೊಳಗೆ ಪ್ಲಾಸ್ಟಿಕ್ ಸುತ್ತಿ ಇಟ್ಟುಕೊಂಡ ಬೀಡಿ ತೆಗೆಯುತ್ತಾನೆ. ಅದು ಅವನಿಗೆ ಬೆಂಕಿ, ಅದೇ ಬಿಡುವು, ಅದೇ ಗಡಿಯಾರ. ಬೀಡಿ ಸೇದದವನಿಗೆ ಆ ಐದು ನಿಮಿಷದ ಬಿಡುವಿಲ್ಲ ಎಂಬುದು ನಮ್ಮ ತೋಟಗಳ ಬರೆಯದ ಕಾನೂನು. ಸುಮ್ಮನೆ ಕೂತವನನ್ನು ಯಜಮಾನ ಗದರುತ್ತಾನೆ, ಬೀಡಿ ಹಚ್ಚಿ ಕೂತವನನ್ನು ಗದರುವುದಿಲ್ಲ. ಇಂಥ ಲೋಕದಲ್ಲಿ ಬೀಡಿಯನ್ನು ಪ್ರಚೋದಿಸುವುದು ಯಾವುದು? ಸಿಗರೇಟಿನ ಚಿತ್ರವಲ್ಲ, ಬೂದಿಬಟ್ಟಲಲ್ಲ. ದುಡಿತದ ನಡುವೆ ಮನುಷ್ಯನಿಗೆ ಬೇರೆ ಯಾವ ನೆಪದಲ್ಲೂ ಸಿಗದ ವಿರಾಮ.

ತುಮರಿಯ ಕಡೆಯವರನ್ನು ಕೇಳಿದರೆ ಇನ್ನೊಂದು ಪಾಠ ಸಿಗುತ್ತದೆ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದ ಮೇಲೆ ಹಿನ್ನೀರಿನಾಚೆ ಉಳಿದವರಿಗೆ ಸಾಗರ ಪೇಟೆಗೆ ಬರಲು ಅಂಬಾರಗೋಡ್ಲು–ಕಳಸವಳ್ಳಿ ನಡುವಿನ ಲಾಂಚೇ ಗತಿಯಾಗಿತ್ತು. 2025ರ ಜುಲೈನಲ್ಲಿ ಸೇತುವೆ ತೆರೆಯುವ ತನಕವೂ ಅಲ್ಲಿ ಕಾಯುವುದೆಂದರೆ ಬದುಕಿನ ಒಂದು ಭಾಗ. ಲಾಂಚ್ ಆಚೆ ದಡದಲ್ಲಿದೆ ಅಂದಾಗ ಗಂಡಸರ ಕೈ ತನ್ನಷ್ಟಕ್ಕೆ ಜೇಬಿಗೆ ಹೋಗುತ್ತಿತ್ತು. ಕಾಯುವುದು, ಮಳೆ, ಸಂಬಳವಿಲ್ಲದ ದಿನ, ಧಾರಣೆ ಬಿದ್ದ ಸುದ್ದಿ, ಸಾಲದ ನೋಟಿಸು, ಇವನ್ನೆಲ್ಲ ಗ್ರಾಫಿಕ್ಸ್ ಮಾಡಿ ಕೂರಿಸಬಹುದು. ಆದರೆ ಹೆಡ್‌ಸೆಟ್ ತೆಗೆದಾಗ ಅವು ಹೊರಗೆ ಕಾಯುತ್ತಲೇ ಇರುತ್ತವೆ.

ಇನ್ನು ಎರಡನೆಯ ವಿಷಯ. "ಧೂಮಪಾನಿ" ಎಂಬ ಪದವೇ ನಮ್ಮ ಮೂರು ತಾಲ್ಲೂಕುಗಳ ಅರ್ಧಕ್ಕಿಂತ ಹೆಚ್ಚು ಸಂಕಟವನ್ನು ಬಾಗಿಲ ಹೊರಗೇ ನಿಲ್ಲಿಸಿಬಿಡುತ್ತದೆ. 2016–17ರ ವಯಸ್ಕರ ತಂಬಾಕು ಸಮೀಕ್ಷೆಯ ಪ್ರಕಾರ ಕರ್ನಾಟಕದ ವಯಸ್ಕರಲ್ಲಿ ತಂಬಾಕು ಬಳಸುವವರು ನೂರಕ್ಕೆ 22.8. ಸೇದುವವರು 8.8, ಜಗಿಯುವಂಥ ಹೊಗೆರಹಿತ ತಂಬಾಕು ಬಳಸುವವರು 16.3. ಹೆಚ್ಚುಕಡಿಮೆ ಇಮ್ಮಡಿ. ಹೆಂಗಸರ ವಿಷಯಕ್ಕೆ ಬಂದರೆ ಸೇದುವವರು ಇಲ್ಲವೆನ್ನುವಷ್ಟು ಕಡಿಮೆ, ಇರುವುದೆಲ್ಲ ಜಗಿಯುವುದೇ. ಅಡಿಕೆ ಸುಲಿಯುವ ರಾತ್ರಿಗಳಲ್ಲಿ ಮೆಟ್ಟುಗತ್ತಿಯ ಮುಂದೆ ಕೂತ ಹೆಂಗಸಿನ ದವಡೆಯಲ್ಲಿರುವ ಹೊಗೆಸೊಪ್ಪಿನ ಎಸಳು ಯಾವ ಪ್ರಯೋಗಾಲಯದ ಪಾರ್ಟಿಯಲ್ಲೂ ಇಲ್ಲ. ನಿದ್ದೆ ತಡೆಯಲು, ಹಸಿವು ಮರೆಯಲು, ಹಲ್ಲುನೋವಿಗೆ ಎಂದು ಶುರುವಾದದ್ದು ಅದು. ಅವಳನ್ನು ಯಾರೂ ವ್ಯಸನಿ ಅನ್ನುವುದಿಲ್ಲ. ಅವಳೂ ಅಂದುಕೊಳ್ಳುವುದಿಲ್ಲ. "ಕವಳ ಹಾಕ್ತೀನಿ, ಅಷ್ಟೇಯ" ಅನ್ನುತ್ತಾಳೆ. ಬಾಯಿ ಎರಡು ಬೆರಳಗಲಕ್ಕಿಂತ ಹೆಚ್ಚು ತೆರೆಯದ ದಿನ ಬಂದ ಮೇಲೆ ಆಗುಂಬೆ ಘಾಟಿ ಇಳಿದು ಮಣಿಪಾಲದ ದಾರಿ ಹಿಡಿಯುತ್ತಾರೆ.

ಇಲ್ಲಿ ಒಂದು ಪ್ರತಿವಾದ ಬರುತ್ತದೆ, ಬರಲೇಬೇಕು. "ಹಾಗಾದರೆ ಕನ್ನಡದ್ದೇ ಒಂದು ಮಾಡೋಣ. ಪಾರ್ಟಿ ಬದಲು ಟೀ ಅಂಗಡಿ, ಸಿಗರೇಟಿನ ಬದಲು ಕವಳ, ಬಾರಿನ ಬದಲು ಯಕ್ಷಗಾನದ ಬಯಲು. ಹಿರಿಯರು ತಬಕು ಮುಂದೆ ತಳ್ಳಿದಾಗ ಬೇಡ ಅನ್ನುವುದನ್ನು ಅಭ್ಯಾಸ ಮಾಡಿಸೋಣ." ಬಹಳ ಒಳ್ಳೆಯ ಮಾತು. ಆದರೆ ಈ ಮಾತನ್ನು ಸಾಗರ ತಾಲ್ಲೂಕಿನಲ್ಲಿ ನಿಂತು ಹೇಳುವಾಗ ಸ್ವಲ್ಪ ನಾಚಿಕೆಯಾಗಬೇಕು. 'ವರ್ಚುವಲ್ ರಿಯಾಲಿಟಿ' ಎಂಬ ಪದಜೋಡಿ ಕಂಪ್ಯೂಟರಿನವರದ್ದಲ್ಲ. ಅವರು ಅದನ್ನು ಜನಪ್ರಿಯಗೊಳಿಸಿದ್ದು 1980ರ ದಶಕದಲ್ಲಿ. ಅದಕ್ಕೂ ಬಹಳ ಮೊದಲು, 1938ರಲ್ಲಿ ಪುಸ್ತಕವಾಗಿ ಬಂದ ರಂಗಭೂಮಿ ಕುರಿತ ತನ್ನ ಪ್ರಬಂಧಗಳಲ್ಲಿ ಫ್ರಾನ್ಸಿನ ಆಂತೋನಿನ್ ಆರ್ತೋ ಅದೇ ಮಾತನ್ನು ನಾಟಕದ ಬಗ್ಗೆ ಬಳಸಿದ್ದ. ರಂಗದ ಮೇಲೆ ಹುಟ್ಟುವ, ಇಲ್ಲದಿದ್ದರೂ ಇರುವ ಲೋಕಕ್ಕೆ ಅವನಿಟ್ಟ ಹೆಸರು ಅದು. ನಮ್ಮಲ್ಲಿ ಹೆಗ್ಗೋಡಿನಲ್ಲಿ 1949ರಿಂದ ನೀನಾಸಮ್ ಇದೆ, 1980ರಿಂದ ರಂಗಶಿಕ್ಷಣ ಕೇಂದ್ರವಿದೆ. ತಿರುಗಾಟದ ಲಾರಿ ಹತ್ತಿ ಕರ್ನಾಟಕದ ಊರೂರಿಗೆ ಹೋದ ನಟರು ಇಲ್ಲಿಯವರು. ಸುಳ್ಳು ಲೋಕದೊಳಗೆ ನಿಜವಾದ ಅಭ್ಯಾಸ ಹೇಗೆ ಮಾಡಿಸಬೇಕು ಎಂಬುದನ್ನು ನಮಗೆ ಹೊರಗಿನಿಂದ ಡಬ್ಬಿಯಲ್ಲಿ ಕಳಿಸಬೇಕೆ? ಚಾರ್ಜ್ ಮಾಡಲು ಕರೆಂಟು, ಅಪ್‌ಡೇಟ್ ಮಾಡಲು ನೆಟ್‌ವರ್ಕ್ ಬೇಕಾದ ಡಬ್ಬಿಯಲ್ಲಿ, ನೆಟ್‌ವರ್ಕಿಗಾಗಿ ಗುಡ್ಡ ಹತ್ತುವ ಊರಿಗೆ?

ಇಬ್ಬರು ಮನುಷ್ಯರು ಎದುರುಬದುರು ಕೂತು, ಒಬ್ಬ ಮಾವನಾಗಿ ತಬಕು ಮುಂದಿಡುವುದು, ಇನ್ನೊಬ್ಬ ಅವಮಾನವಾಗದಂತೆ ಬೇಡವೆನ್ನುವುದು. ಆಪ್ತಸಮಾಲೋಚಕರು ಇದನ್ನು ದಿನಾ ಮಾಡಿಸುತ್ತಾರೆ, ಒಂದು ಜಮಖಾನೆ ಸಾಕು. ಆದರೆ ನಮ್ಮ ರಂಗದವರಿಗೂ ಒಂದು ಮಾತು ಹೇಳದೆ ಮುಂದೆ ಹೋಗಲಾರೆ. ಮೇ 31 ಬಂತೆಂದರೆ ತಂಬಾಕುವಿರೋಧಿ ಬೀದಿನಾಟಕ. ಅದರಲ್ಲಿ ಯಮ ಬಂದೇ ಬರುತ್ತಾನೆ, ಕೋಣ ಬರುತ್ತದೆ, ಹಗ್ಗ ಬರುತ್ತದೆ, ಎಲುಬುಗೂಡು ಕುಣಿಯುತ್ತದೆ. ನೋಡುತ್ತ ನಿಂತವರು ಚಪ್ಪಾಳೆ ತಟ್ಟಿ, ಪಕ್ಕದ ಅಂಗಡಿಗೆ ಹೋಗಿ ಕಂಬಕ್ಕೆ ಕಟ್ಟಿದ ಲೈಟರಿಗೆ ಬಗ್ಗುತ್ತಾರೆ. ಸಾವು ಗೊತ್ತಿಲ್ಲದೆ ಯಾರೂ ಸೇದುತ್ತಿಲ್ಲ. ಪ್ಯಾಕಿನ ಮೇಲೆ ಕೊಳೆತ ಬಾಯಿಯ ಚಿತ್ರವಿದೆ, ಆ ಚಿತ್ರವನ್ನೇ ಹೆಬ್ಬೆರಳಲ್ಲಿ ಒತ್ತಿ ಪ್ಯಾಕು ತೆಗೆಯುತ್ತಾರೆ.

ಸಾಹಿತ್ಯ ಓದುವವರಿಗೂ ಇಲ್ಲಿ ಪಾಲಿದೆ. ಕುವೆಂಪು ಅವರ 'ಮಲೆಗಳಲ್ಲಿ ಮದುಮಗಳು' ಕಾದಂಬರಿಯ ತೀರ್ಥಹಳ್ಳಿ ಸೀಮೆಯಲ್ಲಿ ಎಲೆಯಡಿಕೆಯಿಲ್ಲದೆ ಮಾತೇ ಹೊರಡುವುದಿಲ್ಲ. ಅದು ಇದ್ದದ್ದನ್ನು ಇದ್ದಂತೆ ಕಂಡ ಬರಹ, ಅದರ ಮೇಲೆ ನನಗೆ ದೂರಿಲ್ಲ. ಗಮನಿಸಿದರೆ ಅಲ್ಲಿ ಯಾರು ಯಾರಿಗೆ ಕೊಡುತ್ತಾರೆ, ಯಾರು ಎಲ್ಲಿ ನಿಂತು ತೆಗೆದುಕೊಳ್ಳುತ್ತಾರೆ ಎಂಬುದರಲ್ಲಿ ಇಡೀ ಜಾತಿಪದ್ಧತಿಯ ನಕ್ಷೆಯೇ ಸಿಗುತ್ತದೆ. ದೂರಿರುವುದು ಆಮೇಲೆ ಬಂದ, ಕಿಟಕಿಯ ಬಳಿ ನಿಂತು ಸಿಗರೇಟು ಹಚ್ಚಿದ ಕೂಡಲೇ ಚಿಂತಕನಾಗಿಬಿಡುವ ಕಥಾನಾಯಕನ ಮೇಲೆ. ಹಾಸ್ಟೆಲಿನ ಟೆರೇಸಿನಲ್ಲಿ ಮೊದಲ ಸಿಗರೇಟು ಸೇದುವ ಬಿ.ಎ. ಹುಡುಗನ ಕಣ್ಣಮುಂದೆ ಯಾವ ಹೆಡ್‌ಸೆಟ್ಟೂ ಇಲ್ಲದೆ ಓಡುತ್ತಿರುವ ಚಿತ್ರ ಅವನದ್ದೇ. ಅದೇ ಟೆರೇಸಿನಲ್ಲಿ ಬೀಡಿ ಸೇದುವವನನ್ನು 'ಮಣ್ಣಿನ ಮಗ' ಎಂದು ಮೆಚ್ಚುವವರೂ ಇದ್ದಾರೆ. ಕೂಲಿಯವನ ಕೆಮ್ಮನ್ನು ಕವಿತೆ ಮಾಡಿಕೊಂಡವರು ಅವನ ಶ್ವಾಸಕೋಶದ ಎಕ್ಸ್‌ರೇಗೆ ಜೊತೆಯಲ್ಲಿ ಹೋದದ್ದನ್ನು ನಾನು ನೋಡಿಲ್ಲ.

ಈಗ ಅಸಲು ಜಗಳಕ್ಕೆ ಬರೋಣ. ಹೆಡ್‌ಸೆಟ್ಟಿನ ಚಿಕಿತ್ಸೆ ಒಂದು ವಿಷಯವನ್ನು ಕೇಳದೆಯೇ ಒಪ್ಪಿಕೊಂಡಿದೆ. ಪ್ರಚೋದಕಗಳು ಮಳೆ ಗಾಳಿಯಂತೆ ತಾವಾಗಿ ಇರುವವು, ಅವುಗಳನ್ನು ಏನೂ ಮಾಡಲಾಗದು, ಆದ್ದರಿಂದ ಅವುಗಳ ಎದುರು ನಿಲ್ಲುವಂತೆ ಮನುಷ್ಯನ ತಲೆಯನ್ನು ತಿದ್ದಬೇಕು ಎಂದು. ಆದರೆ ಅಂಗಡಿಯ ಮುಂದೆ ತೋರಣದಂತೆ ಇಳಿಬಿದ್ದ ಪೌಚುಗಳನ್ನು ಯಾರೋ ಕಟ್ಟಿದ್ದಾರೆ. ಲೈಟರನ್ನು ಯಾರೋ ಕಂಬಕ್ಕೆ ಬಿಗಿದಿದ್ದಾರೆ. ಜಗಲಿಯ ಮೇಲಿನ ಬೀಡಿಕಟ್ಟನ್ನು ಯಾರೋ ದುಡ್ಡು ಕೊಟ್ಟು ತಂದಿಟ್ಟಿದ್ದಾರೆ. ಯಾರು ತಂದರು?

ನಾವು. ತೋಟವಿರುವವರು. ಕೆಲಸದವರಿಗೆ ಹೊತ್ತುಹೊತ್ತಿಗೆ ಕಾಫಿ, ಎಲೆಯಡಿಕೆ, ಹೊಗೆಸೊಪ್ಪು, ಬೀಡಿ ಕೊಡುವುದು ನಮ್ಮ ಕಡೆ ಮರ್ಯಾದೆ. ಕೊನೆಗಾರನಿಗೆ ಕೊಡದಿದ್ದರೆ ಅವನು ನಾಳೆ ಪಕ್ಕದ ತೋಟಕ್ಕೆ ಹೋಗುತ್ತಾನೆ. ಈ ಕೊಡುಗೆಯನ್ನು ಔದಾರ್ಯ ಎಂದು ಕರೆಯುತ್ತ ಬಂದಿದ್ದೇವೆ. ಅದು ಅಗ್ಗದಲ್ಲಿ ಹಸಿವು ಮುಂದೂಡುವ, ದಣಿವು ಮರೆಸುವ, ನಾಳೆಯೂ ಬರುವಂತೆ ಮಾಡುವ ಉಪಾಯವೂ ಹೌದು. ಕಾಗೋಡಿನ ಗೇಣಿದಾರರು 1951ರಲ್ಲಿ ಎದ್ದು ನಿಂತ ನೆಲ ಇದು. ಅಳತೆಯ ಕೊಳಗದ ಬಗ್ಗೆ, ಭೂಮಿಯ ಒಡೆತನದ ಬಗ್ಗೆ ಇಲ್ಲಿ ಜಗಳವಾಗಿದೆ. ತಬಕಿನ ಬಗ್ಗೆ ಆಗಿಲ್ಲ. ಅದು ಪ್ರೀತಿಯ ವೇಷದಲ್ಲಿದೆಯಲ್ಲ, ಅದಕ್ಕೆ.

ಮತ್ತು ಅಡಿಕೆ. ನಮ್ಮ ಮೂರು ತಾಲ್ಲೂಕುಗಳಲ್ಲಿ ಈ ಮಾತು ಎತ್ತಿದರೆ ಮದುವೆ ಮನೆಯಲ್ಲಿ ಪಕ್ಕದ ಎಲೆಗೆ ಯಾರೂ ಕೂರುವುದಿಲ್ಲ, ಗೊತ್ತಿದೆ. 2004ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಅಡಿಕೆಯನ್ನು, ತಂಬಾಕು ಸೇರಿಸದ ಅಡಿಕೆಯನ್ನೂ, ಮನುಷ್ಯರಿಗೆ ಕ್ಯಾನ್ಸರ್ ತರುವ ಮೊದಲ ಗುಂಪಿನಲ್ಲಿ ಇಟ್ಟಿತು. ಅಂದಿನಿಂದ ನಮ್ಮ ಸಭೆಗಳಲ್ಲಿ ಒಂದೇ ಉತ್ತರ. ಅಡಿಕೆ ಬೇರೆ, ಗುಟ್ಕಾ ಬೇರೆ. ನಮ್ಮ ಅಜ್ಜ ತೊಂಬತ್ತು ವರ್ಷ ಕವಳ ಹಾಕಿದ, ಏನೂ ಆಗಲಿಲ್ಲ. ಅಜ್ಜಂದಿರ ಕತೆ ನನ್ನ ಹತ್ತಿರವೂ ಇದೆ. ಬದುಕಿ ಉಳಿದ ಅಜ್ಜಂದಿರೇ ಕತೆಯಾಗುತ್ತಾರೆ, ನಲವತ್ತೆಂಟಕ್ಕೆ ದವಡೆ ತೆಗೆಸಿಕೊಂಡು ಹೋದವರನ್ನು ಯಾರೂ ಅಜ್ಜ ಎಂದು ಕರೆಯುವುದಿಲ್ಲ. ಅದಿರಲಿ. ಅಡಿಕೆ ಬೇರೆ, ಗುಟ್ಕಾ ಬೇರೆ ಎಂಬ ಮಾತು ನಿಜವೇ ಆಗಿದ್ದರೆ, 2013ರ ಮೇ ಕೊನೆಯಲ್ಲಿ ರಾಜ್ಯ ಸರ್ಕಾರ ಗುಟ್ಕಾ ನಿಷೇಧಿಸಿದಾಗ ಮಲೆನಾಡು ಯಾಕೆ ಕಂಗಾಲಾಯಿತು? ಶಿವಮೊಗ್ಗದ ಮಾರುಕಟ್ಟೆಯಲ್ಲಿ ಸರಕು, ಬೆಟ್ಟೆ, ರಾಶಿ, ಗೊರಬಲು ಎಂದು ವಿಂಗಡಿಸಿ ಧಾರಣೆ ಕೂಗುವವರಿಗೆ, ಕೆಂಪಡಿಕೆಯ ಚೀಲಗಳು ಉತ್ತರದ ಯಾವ ಕಾರ್ಖಾನೆಗಳಿಗೆ ಹೋಗುತ್ತವೆ ಎಂಬುದು ತಿಳಿಯದ್ದಲ್ಲ.

ನಿಷೇಧ ಏನು ಮಾಡಿತು ಎಂಬುದೂ ಕತೆಯೇ. ಆಹಾರದಲ್ಲಿ ತಂಬಾಕು ಸೇರಿಸಬಾರದು ಎಂಬುದು ಕೇಂದ್ರದ ಆಹಾರ ಸುರಕ್ಷತೆಯ 2011ರ ನಿಯಮ. ಸರಿ, ಸೇರಿಸಲಿಲ್ಲ. ಪಾನ್ ಮಸಾಲಾ ಒಂದು ಪೌಚು, ತಂಬಾಕು ಇನ್ನೊಂದು ಪೌಚು, ಎರಡನ್ನೂ ಒಟ್ಟಿಗೆ ಮಾರಿದರು. ಸೇರಿಸುವ ಕೆಲಸವನ್ನು ಗಿರಾಕಿಯ ಅಂಗೈಗೆ ಬಿಟ್ಟರು. ಮರುವರ್ಷ ಅಡಿಕೆ ಧಾರಣೆ ದಾಖಲೆ ಏರಿಕೆ ಕಂಡಿತು. ಹೊಸ ಮಹಡಿ ಎದ್ದವು, ಕಾರು ಬಂದವು, ಮಕ್ಕಳು ಬೆಂಗಳೂರಿಗೆ ಇಂಜಿನಿಯರಿಂಗ್ ಓದಲು ಹೋದರು. ಅಕ್ಕನ ಮಗನ ಓದಿನ ದುಡ್ಡು ಎಲ್ಲಿಂದ ಬಂತೆಂದು ನಮ್ಮಿಬ್ಬರಿಗೂ ಗೊತ್ತು. ಅವನು ಈಗ ತರಬೇಕೆಂದಿರುವ ಹೆಡ್‌ಸೆಟ್ಟಿನ ದುಡ್ಡೂ ಬಳಸುದಾರಿಯಲ್ಲಿ ಅದೇ ಅಂಗೈಯಿಂದ ಬಂದದ್ದು.

ಹಾಗೆಂದು ತೋಟ ಕಡಿಯಿರಿ ಎನ್ನುವ ಮೂರ್ಖ ನಾನಲ್ಲ. ಎಲೆಚುಕ್ಕಿ, ಹಳದಿ ಎಲೆ ರೋಗ, ಕೊಳೆ, ಮಂಗ, ಬಿದ್ದೆದ್ದು ಓಡಾಡುವ ಧಾರಣೆ, ಇವುಗಳ ನಡುವೆ ಅರ್ಧ ಎಕರೆಯವನು ಹೇಗೆ ಉಸಿರಾಡುತ್ತಿದ್ದಾನೆ ಎಂಬುದು ಗೊತ್ತಿದೆ. ಹುಣಸೂರು, ಪಿರಿಯಾಪಟ್ಟಣದ ತಂಬಾಕು ಬೆಳೆಗಾರನಿಗೆ, ಕರಾವಳಿಯಲ್ಲಿ ಮನೆಯ ಹೊಸ್ತಿಲಲ್ಲಿ ಕೂತು ಬೀಡಿ ಸುತ್ತುವ ಹೆಂಗಸಿಗೆ ಕೇಳುವ ಪ್ರಶ್ನೆಯೇ ನಮಗೂ. ಬೆಳೆ ಬದಲಿಸುವುದು ಒಬ್ಬನ ಕೈಯಲ್ಲಿಲ್ಲ, ದಶಕಗಳ ಕೆಲಸ, ಸರ್ಕಾರದ ಕೆಲಸ. ನಾನು ಹೇಳುತ್ತಿರುವುದು ಬೇರೆ. ಸಮಸ್ಯೆ ಕೂಲಿಯವನ ಮಿದುಳಿನಲ್ಲಿದೆ, ಅದಕ್ಕೆ ಯಂತ್ರವೊಂದು ಸಿಕ್ಕಿದರೆ ಮುಗಿಯಿತು ಎಂದು ನಂಬುವುದರಿಂದ ಯಾರಿಗೆ ಅನುಕೂಲ? ಜಗಲಿ ಹಾಗೇ ಉಳಿಯುತ್ತದೆ, ಅಂಗಡಿ ಹಾಗೇ ಉಳಿಯುತ್ತದೆ, ಕಾರ್ಖಾನೆ ಹಾಗೇ ಉಳಿಯುತ್ತದೆ. ಬದಲಾಗಬೇಕಾದವನು ಅವನೊಬ್ಬ. ಆಗದಿದ್ದರೆ, "ನೋಡಿ, ಅಷ್ಟು ದುಬಾರಿ ಮಿಷನ್ ತಂದರೂ ಬಿಡಲಿಲ್ಲ" ಎಂದು ಅವನನ್ನೇ ದೂರಲು ಹೊಸ ನೆಪ.

ಯಂತ್ರ ಬೇಡದ ಕೆಲಸಗಳು ರಾಶಿ ಬಿದ್ದಿವೆ. ತಂಬಾಕು ಪ್ಯಾಕಿನ ಮೇಲೆ 2018ರಿಂದ ಒಂದು ನಂಬರು ಅಚ್ಚಾಗುತ್ತಿದೆ, 1800-11-2356. ಉಚಿತ ಕರೆ. ದೆಹಲಿಯಲ್ಲಿ 2016ರಲ್ಲಿ ಶುರುವಾದ ಈ ಸೇವೆ ಎರಡು ವರ್ಷದ ನಂತರ ಬೆಂಗಳೂರಿನ ನಿಮ್ಹಾನ್ಸ್‌ಗೂ ಬಂತು, ಕನ್ನಡದಲ್ಲಿ ಮಾತಾಡುತ್ತಾರೆ. ಬಿಡಲು ದಿನ ಗೊತ್ತು ಮಾಡಿಸುತ್ತಾರೆ, ತಾವೇ ಮತ್ತೆ ಕರೆ ಮಾಡಿ ಹೇಗಿದ್ದೀರಿ ಎಂದು ವಿಚಾರಿಸುತ್ತಾರೆ. ಆದರೆ ಬಿಡಿ ಸಿಗರೇಟು ಕೊಳ್ಳುವವನು ಪ್ಯಾಕನ್ನೇ ನೋಡುವುದಿಲ್ಲ. ಬಿಡಿಯಾಗಿ ಮಾರಬಾರದು ಎಂದು ಕರ್ನಾಟಕ 2017ರಲ್ಲೇ ಆದೇಶ ಹೊರಡಿಸಿದೆ, ಸಾಗರದ ಯಾವ ಗೂಡಂಗಡಿಗೆ ಬೇಕಾದರೂ ಹೋಗಿ ಒಂದು ಕೇಳಿ ನೋಡಿ. ಶಾಲೆ ಕಾಲೇಜಿನ ನೂರು ಗಜದೊಳಗೆ ಮಾರಾಟ ಕೂಡದು ಎಂಬ ಕೇಂದ್ರದ ಕಾನೂನು 2003ರದ್ದು. ಇಪ್ಪತ್ತೊಂದು ತುಂಬದವರಿಗೆ ಮಾರಬಾರದು, ಸಾರ್ವಜನಿಕ ಸ್ಥಳದಲ್ಲಿ ಸೇದಿದರೆ ಸಾವಿರ ರೂಪಾಯಿವರೆಗೆ ದಂಡ ಎಂಬ ರಾಜ್ಯದ ತಿದ್ದುಪಡಿಗೆ 2025ರಲ್ಲಿ ರಾಷ್ಟ್ರಪತಿಗಳ ಅಂಕಿತವೂ ಬಿತ್ತು. ಅದೇ 2025ರ ಸೆಪ್ಟೆಂಬರಿನಲ್ಲಿ ಜಿಎಸ್‌ಟಿ ಮಂಡಳಿ ಬೀಡಿಯ ಮೇಲಿನ ತೆರಿಗೆಯನ್ನು ನೂರಕ್ಕೆ 28ರಿಂದ 18ಕ್ಕೆ ಇಳಿಸಲು ತೀರ್ಮಾನಿಸಿತು. ಬೆಲೆ ಏರಿದರೆ ಬಡವರು ಮೊದಲು ಬಿಡುತ್ತಾರೆ ಎಂಬುದು ತಂಬಾಕಿನ ವಿಷಯದಲ್ಲಿ ಜಗತ್ತೆಲ್ಲ ಒಪ್ಪಿದ ಸತ್ಯ, ನಾವು ಬೀಡಿಯನ್ನು ಅಗ್ಗ ಮಾಡಿ ಹೆಡ್‌ಸೆಟ್ಟಿನ ಕನಸು ಕಾಣುತ್ತಿದ್ದೇವೆ.

ನಿಕೋಟಿನ್ ಚೂಯಿಂಗ್ ಗಮ್ 2022ರಲ್ಲಿ ರಾಷ್ಟ್ರೀಯ ಅಗತ್ಯ ಔಷಧಿಗಳ ಪಟ್ಟಿಗೆ ಸೇರಿದ ಚಿಕಿತ್ಸೆಯ ಒಂದು ರೂಪ. ಊರಿನ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಅದನ್ನು ಕೇಳಿ, ಸಿಕ್ಕರೆ ನನಗೂ ತಿಳಿಸಿ. ಆಶಾ ಕಾರ್ಯಕರ್ತೆಯ ಕೈಯಲ್ಲಿರುವ ತಪಾಸಣೆ ಫಾರಂನಲ್ಲಿ ಬೀಡಿ, ಗುಟ್ಕಾ, ಖೈನಿ ಬಳಸುತ್ತೀರಾ ಎಂಬ ಪ್ರಶ್ನೆ ಇದೆ. ಅವಳು ಮನೆ ಮನೆಗೆ ಹೋಗಿ ಕೇಳುತ್ತಾಳೆ, ಗುರುತು ಹಾಕುತ್ತಾಳೆ. ಆ ಗುರುತಿನ ಹಿಂದೆ ಒಬ್ಬ ಸಮಾಲೋಚಕ ಆ ಮನೆಗೆ ಬರಬೇಕು. ಮೂರೂ ತಾಲ್ಲೂಕಿನಿಂದ ಶಿವಮೊಗ್ಗ 60–70 ಕಿಲೋಮೀಟರ್. ಒಂದು ದಿನದ ಕೂಲಿ ಕಳೆದುಕೊಂಡು, ಬಸ್ಸಿಗೆ ಕೊಟ್ಟು, ಜಿಲ್ಲಾ ಕೇಂದ್ರದಲ್ಲಿ "ನನಗೆ ಬೀಡಿ ಬಿಡಬೇಕು" ಎಂದು ಸಾಲು ನಿಲ್ಲುವ ಮನುಷ್ಯನನ್ನು ಕಲ್ಪಿಸಿಕೊಳ್ಳುವುದು ಯಾವ ವರ್ಚುವಲ್ ರಿಯಾಲಿಟಿಗೂ ಕಷ್ಟ. ಮೂರು ಹೆಡ್‌ಸೆಟ್ಟಿಗೂ ಅದರ ನಿರ್ವಹಣೆಗೂ ಆಗುವ ಖರ್ಚಿನಲ್ಲಿ ಸಂತೆಯ ದಿನ ಸಂತೆಯಲ್ಲೇ ಕೂರುವ ಒಬ್ಬ ಸಮಾಲೋಚಕನನ್ನು ಇಡಬಹುದಾದರೆ, ನನ್ನ ಓಟು ಸಂತೆಗೆ.

ಹೆಡ್‌ಸೆಟ್ ಬರಲಿ, ಬೇಡ ಎನ್ನುವುದಿಲ್ಲ. ದೊಡ್ಡ ಆಸ್ಪತ್ರೆಯಲ್ಲಿ, ಒಳ್ಳೆಯ ಸಮಾಲೋಚಕರ ಕೈಯಲ್ಲಿ, ಸಿಗರೇಟಿಗೆ ಕಾಫಿಯ ಜೊತೆ ನಂಟಿರುವ ನಗರದವನಿಗೆ ಅದು ಆಗಬಹುದು. ಕ್ವಿಬೆಕ್‌ನಲ್ಲಿ ಬಿಟ್ಟ ಆ ನೂರಕ್ಕೆ ಹದಿನೈದು ಜನರೂ ಜನರೇ. ಆದರೆ ಅದನ್ನು ನಮ್ಮ ಮೂರು ತಾಲ್ಲೂಕಿನ ಪರಿಹಾರ ಎಂದು ಹೊತ್ತು ತರುವವರು ಮೊದಲು ಇನ್ನೊಂದು ಕೆಲಸ ಮಾಡಬೇಕು. ಇದನ್ನು ಓದುತ್ತಿರುವ, ಅಡಿಕೆ ತೋಟದ ಮನೆಯಿಂದ ಬಂದ ವಿದ್ಯಾರ್ಥಿಗಳಿಗೂ ಹೇಳುತ್ತಿದ್ದೇನೆ. ದೀಪಾವಳಿ ಹೊತ್ತಿಗೆ ಊರಿಗೆ ಹೋಗುತ್ತೀರಿ, ಕೊನೆಕೊಯ್ಲು ಶುರುವಾಗಿರುತ್ತದೆ. ಅಪ್ಪನ ಮೇಜಿನ ಮೇಲೆ ಆಳುಗಳ ಲೆಕ್ಕದ ಪುಸ್ತಕ ಇರುತ್ತದೆ. ಅದರಲ್ಲಿ ಕೂಲಿಯ ಸಾಲಿನ ಕೆಳಗೆ ಎಲ್ಲೋ ಬೀಡಿ, ಹೊಗೆಸೊಪ್ಪಿನ ಬಾಬ್ತು ಎಂದು ಒಂದು ಖರ್ಚು ಬರೆದಿರುತ್ತದೆ, ಇಲ್ಲವೇ ಅಂಗಡಿಯ ಚೀಟಿಯಲ್ಲಿ ಇರುತ್ತದೆ. ಇಡೀ ಕೊಯ್ಲಿಗೆ ಅದನ್ನು ಕೂಡಿಸಿ. ಆ ಮೊತ್ತವನ್ನು ಕೂಲಿಗೇ ಸೇರಿಸಿ ಕೊಟ್ಟು, ಬೀಡಿ ಹಚ್ಚದಿದ್ದರೂ ಹತ್ತು ಗಂಟೆಗೆ ಹತ್ತು ನಿಮಿಷ ಎಲ್ಲರೂ ಕೂರಬಹುದು ಎಂದು ಹೇಳೋಣವೇ ಎಂದು ಅಪ್ಪನನ್ನು ಕೇಳಿ. ಕೊನೆಗಾರನನ್ನೂ ಕೇಳಿ, ಅವನ ಎದುರಿಗೇ ಕೇಳಿ. ಏನು ಉತ್ತರ ಬಂತು ಎಂದು ಬರೆದು ತಿಳಿಸಿ.